ಚಪ್ಪಾಳೆಗೆ ಬರುತ್ತಿದ್ದ ಕುರಿಗಳು

ನಮ್ಮ ಅಣ್ಣ ಬೀರಪ್ಪನ ಕುರಿಗಳು ಚಪ್ಪಾಳೆ ಕೇಳಿದರೆ ಹಟ್ಟಿಗೆ ಬರುತ್ತಿದ್ದವು. ಉಳಿದ ಕುರಿಗಾರರು ಸಿಳ್ಳೆ ಹಾಕುತ್ತಾರೆ, ಗಂಟಲು ಹರಿಯುವಂತೆ ಕೂಗುತ್ತಾರೆ. ಅಣ್ಣ ಹೆಗಲ ಚೀಲದಿಂದ ಸಣ್ಣದೊಂದು ಸ್ಪೀಕರ್ ತೆಗೆದು ಬದುವಿನ ಕಲ್ಲಿನ ಮೇಲೆ ಇಟ್ಟು ಮೊಬೈಲ್ ಒತ್ತುತ್ತಿದ್ದ. ಸಾವಿರಾರು ಜನರ ಚಪ್ಪಾಳೆ, ಕೇಕೆ ಹೊರಗೆ ಬರುತ್ತಿತ್ತು. ನಾನು ಹುಟ್ಟುವುದಕ್ಕೂ ಮೊದಲು, ಇಂಗ್ಲೆಂಡಿನ ಯಾವುದೋ ಊರಿನಲ್ಲಿ, ಹಾಡು ಮುಗಿದ ಮೇಲೆ ಜನ ಹೊಡೆದ ಚಪ್ಪಾಳೆ ಅದು. ಮಸಗುಪ್ಪಿಯ ಹೊಲದಲ್ಲಿ ಮೇಯುತ್ತಿದ್ದ ಕುರಿಗಳು ಕಿವಿ ನಿಗುರಿಸಿ, ತಲೆ ಎತ್ತಿ, ಒಂದರ ಹಿಂದೆ ಒಂದು ಬರುತ್ತಿದ್ದವು.

"ನೋಡಲೇ ಲಕ್ಕ್ಯಾ, ಮಂದಿ ಎದ್ದ ನಿಂತು ಚಪ್ಪಾಳಿ ಹೊಡ್ಯಾಕತ್ತೈತಿ, ನಮ್ಮ ಕುರಿ ಸ್ಟೇಜಿಗೆ ಬರಾಕತ್ತಾವು" ಎಂದು ನಗುತ್ತಿದ್ದ.

ಅಣ್ಣ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಏಳನೆಯ ತರಗತಿಯವರೆಗೆ ಹೋದೆ. ಇಂಗ್ಲಿಷ್ ಇಬ್ಬರಿಗೂ ಬರುತ್ತಿರಲಿಲ್ಲ. ಆದರೂ ಅವನು ಇಡೀ ಜೀವಮಾನ ಒಂದು ಇಂಗ್ಲಿಷ್ ರಾಕ್ ತಂಡದ ಹಾಡು ಕೇಳಿದ. ಅದೂ ಮಂದಿಯ ಮುಂದೆ ನಿಂತು ನುಡಿಸಿದ್ದು ಮಾತ್ರ. ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಮುಚ್ಚುವಾಗ ಅವನ ಕೈಗೆ ಮೊದಲು ಆ ತಂಡದ ಕ್ಯಾಸೆಟ್ ಬಂದಿತ್ತು. ಅಂಗಡಿಯವನು, "ಒಯ್ಯಪಾ, ಇದನ್ನ ಯಾರೂ ಮುಟ್ಟಂಗಿಲ್ಲ. ಹಾಡ ಕಡಿಮಿ, ಗದ್ದಲ ಭಾಳ" ಎಂದು ಸುಮ್ಮನೆ ಕೊಟ್ಟಿದ್ದನಂತೆ. ಮುಂದೆ ಅಣ್ಣ ಅದನ್ನು ಮೊಬೈಲಿಗೂ ಹಾಕಿಸಿಕೊಂಡ. ಅಣ್ಣ ಬೀರದೇವರ ಗುಡಿಯ ಮೇಳದಲ್ಲಿ ಡೊಳ್ಳು ಬಡಿಯುವವನು. ಆ ಗದ್ದಲದಲ್ಲಿ ಅವನಿಗೆ ಪೆಟ್ಟಿನ ಲೆಕ್ಕ ಕೇಳಿಸಿತು. ಬೆರಳು ಮಡಚುತ್ತ, "ಏಳರ ತನಕ ಬಡೀತಾರ, ಎಂಟನೇದನ್ನ ನುಂಗತಾರ. ಕಳ್ಳರು!" ಎನ್ನುತ್ತಿದ್ದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅದೇ ತಂಡ ಸ್ಟುಡಿಯೋದಲ್ಲಿ ಮಾಡಿದ ಹಾಡನ್ನು ನಾನು ಒಮ್ಮೆ ಮೊಬೈಲಿನಲ್ಲಿ ಹಾಕಿಕೊಟ್ಟೆ. ಸ್ವಲ್ಪ ಕೇಳಿ ವಾಪಸು ಕೊಟ್ಟ.

"ಇದು ಕಟ್ಟಿಹಾಕಿ ಮೇಯ್ಸಿದ ಕುರಿ ಲಕ್ಕ್ಯಾ. ಮಂದಿ ಮುಂದ ಬಾರ್ಸಿದ್ದು ಬಿಟ್ಟ ಕುರಿ. ಎಲ್ಲಿ ಹೊಕ್ಕೈತೋ ಕಾಯಾಂವಗೂ ಗೊತ್ತಿರಂಗಿಲ್ಲ, ಖರೆ ಹೊತ್ತ ಮುಳಗೂದ್ರಾಗ ಮನಿಗಿ ಬಂದಿರತೈತಿ."

ದಡ್ಡಿ ಎಂಬ ಊರಲ್ಲಿ ನಮ್ಮ ಸಂಬಂಧಿಕರ ಮದುವೆಯಲ್ಲಿ ಮೈಕಿನವನನ್ನು ಪುಸಲಾಯಿಸಿ ಆ ಕ್ಯಾಸೆಟ್ ಹಾಕಿಸಿದ್ದ. ಹಾಡಿನ ನಡುವೆ ಬರೀ ಡ್ರಮ್ ಬಡಿಯುವ ಭಾಗವೊಂದಿತ್ತು. ಜನ ಅಕ್ಷತೆ ಹಿಡಿದು ನಿಂತರು, ಡ್ರಮ್ ನಿಲ್ಲಲಿಲ್ಲ. ಶಾಸ್ತ್ರ ಹೇಳುವವರು, "ಇದು ಮುಗಿಯೂದು ಯಾವಾಗಪಾ?" ಎಂದರು. ಅಣ್ಣ ಭಕ್ತಿಯಿಂದ, "ಇನ್ನಾ ಅರ್ಧಾ ಐತ್ರಿ" ಎಂದ. ನಮ್ಮ ಸೋದರತ್ತೆ ಎದ್ದು ನಿಂತು, "ಪಾಪ, ಆವಾಗಿಂದ ಬಡ್ಯಾಕತ್ತಾನ, ಯಾರಾರ ಅವಗೊಂದ ತಂಬಿಗಿ ನೀರ ಕೊಡ್ರೋ" ಎಂದಳು. ಅಣ್ಣನಿಗೆ ಅದು ಅವಮಾನ ಅನಿಸಲಿಲ್ಲ. "ಅತ್ತಿ ಒಬ್ಬಾಕೀನ ಲಕ್ಷ್ಯ ಕೊಟ್ಟು ಕೇಳಿದ್ಲು" ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಆ ಕ್ಯಾಸೆಟ್ಟಿನ ಒಂದು ಜಾಗವನ್ನು ಅವನು ನನಗೆ ಎಷ್ಟು ಸಲ ಕೇಳಿಸಿದನೋ. ಒಂದು ಕಣ್ಣು ಮುಚ್ಚಿ, ಕೈ ಎತ್ತಿ, "ಈಗ, ಈಗ" ಎನ್ನುತ್ತಿದ್ದ. "ಇಲ್ಲಿ ಡ್ರಮ್ ಬಾರ್ಸಾಂವ ತಪ್ಪಿದ. ಒಂದ ಪೆಟ್ಟ ತಡಾ ಮಾಡಿದ. ಕೇಳಿದಿ? ಈಗ ಉಳದವರು ಏನ ಮಾಡಿದ್ರು ನೋಡು. ಅವರೂ ಒಂದ ಪೆಟ್ಟ ತಡಾ ಮಾಡಿದ್ರು. ಒಬ್ಬಾಂವ ತಪ್ಪಿದಾಗ ಉಳದವರು ಅವನ ಜೋಡಿ ತಪ್ಪಬೇಕು. ಆಗ ಅದು ತಪ್ಪ ಅಂತ ಮಂದಿಗಿ ತಿಳಿಯಂಗೇ ಇಲ್ಲ."

ನನಗೆ ಆ ತಪ್ಪು ಒಮ್ಮೆಯೂ ಕೇಳಿಸಲಿಲ್ಲ. ಕೇಳಿಸಿತು ಎಂದು ತಲೆ ಆಡಿಸುತ್ತಿದ್ದೆ.

ಅವನ ಹುಚ್ಚಿಗೆ ಜೊತೆ ಸಿಕ್ಕಿದ್ದು ಘೋಡಗೇರಿಯಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ನಾವು ಕುರಿ ತರುಬುತ್ತೇವೆ. ಕುರಿ ರಾತ್ರಿ ಮಲಗಿದ ನೆಲಕ್ಕೆ ಗೊಬ್ಬರ ಬೀಳುತ್ತದೆ, ಅದಕ್ಕೆ ಹೊಲದವರು ಜೋಳ ಕೊಡುತ್ತಾರೆ. ಆ ಸಲ ಅಣ್ಣ ಕುರಿ ತರುಬಿದ್ದ ಹೊಲ ಹುಕ್ಕೇರಿಯ ಮಠಪತಿ ಮಾಸ್ತರರದು, ವಿಜ್ಞಾನ ಕಲಿಸಿ ನಿವೃತ್ತರಾದವರು. ಸಂಜೆ ಜೋಳದ ಚೀಲ ಹೊರಿಸಿಕೊಂಡು ಬಂದ ಮಾಸ್ತರರು ಸ್ಪೀಕರಿನ ಸದ್ದಿಗೆ ಬದುವಿನಲ್ಲೇ ನಿಂತುಬಿಟ್ಟರಂತೆ. ಕಾಲೇಜಿನ ದಿನಗಳಿಂದ ಅವರೂ ಅದೇ ತಂಡಕ್ಕೆ ಮರುಳಾದವರು. ಆ ಬಗ್ಗೆ ಮಾತಾಡಲು ಇಡೀ ತಾಲೂಕಿನಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

"ಬೀರಪ್ಪಾ, ಇದು ಯಾವ ಊರಾಗಿಂದು ಗೊತ್ತೇನು?"

"ಊರ ಗೊತ್ತಿಲ್ರೀ ಸರ್. ಅವತ್ತ ಹಾಡಾಂವಗ ನೆಗಡಿ ಆಗಿತ್ರಿ, ಅಷ್ಟ ಗೊತ್ತೈತಿ."

ಮಾಸ್ತರರು ಅಲ್ಲೇ ಮಣ್ಣಿನಲ್ಲಿ ಕುಳಿತರು. ಅವರ ಮನೆಯಲ್ಲಿ ಆ ತಂಡ ಊರೂರಲ್ಲಿ ನುಡಿಸಿದ್ದರ ರೆಕಾರ್ಡಿಂಗು ರಾಶಿ ಇತ್ತು. ಅಣ್ಣ ಜೋಳ ಬೇಡ ಎಂದ. ಹೊಲದಲ್ಲಿ ಕುರಿ ಒಂದು ರಾತ್ರಿ ಮಲಗಿದರೆ ತಂಡ ನುಡಿಸಿದ ಒಂದು ರಾತ್ರಿಯ ರೆಕಾರ್ಡಿಂಗು ಕೊಡಬೇಕು ಎಂದ. ಹಾಗೇ ಆಯಿತು. ಆಮೇಲೆ ಅವರಿಬ್ಬರೂ ಬದುವಿನ ಮೇಲೆ ಕುಳಿತು, ಒಂದೇ ಹಾಡನ್ನು ಯಾವ ಊರಲ್ಲಿ ಚೆನ್ನಾಗಿ ನುಡಿಸಿದರು ಎಂದು ಜಗಳ ಆಡುವುದನ್ನು ನಾನು ನೋಡಿದ್ದೇನೆ. "ಸರ್, ನಿಮಗ ಕಿವಿ ಅದಾವೋ ಇಲ್ರೋ?" ಎಂದು ಅಣ್ಣ ಕೇಳಿದರೆ ಮಾಸ್ತರರು ಮಗುವಿನಂತೆ ಮುನಿಸಿಕೊಳ್ಳುತ್ತಿದ್ದರು.

ಅಣ್ಣನಿಗೆ ಹಾಡಿನಷ್ಟೇ ಆ ಚಪ್ಪಾಳೆಯೂ ಬೇಕಿತ್ತು. "ಒಂದ ಸಲ ಆ ಚಪ್ಪಾಳ್ಯಾಗ ನಂದೂ ಒಂದ ಇರಬೇಕಲೇ" ಎನ್ನುತ್ತಿದ್ದ. ಅವನು ಬೇರೆ ಏನನ್ನೂ ಬಯಸಿದ್ದು ನನಗೆ ನೆನಪಿಲ್ಲ. ಮದುವೆಯನ್ನೂ ಆಗಲಿಲ್ಲ.

ಹೋದ ವರ್ಷ ಆ ತಂಡ ಮುಂಬೈಗೆ ಬರುವುದೆಂದಾಯಿತು. ಎಲ್ಲರೂ ಮುದುಕರಾಗಿದ್ದರು, ಇದೇ ಕಡೆಯ ತಿರುಗಾಟ ಅಂದರು. ಮಾಸ್ತರರು ಎರಡು ಟಿಕೆಟು ಮಾಡಿಸಿದರು. ತೊಡಕು ಒಂದೇ, ಕುರಿ. ನಮ್ಮ ಅಪ್ಪ ಸಾಯುವಾಗ ಹೇಳಿದ್ದ ಮಾತಿತ್ತು: ಕುರಿ ಮನೆಯ ಕೈಯಿಂದ ಮನೆಯ ಕೈಗೇ ಹೋಗಬೇಕು, ಹೊರಗಿನವರಿಗೆ ಬಿಟ್ಟು ಹೊಳೆ ದಾಟಬಾರದು. ಕೊಡುವವನು ತನ್ನ ಕಂಬಳಿಯನ್ನು ತೆಗೆದುಕೊಳ್ಳುವವನ ಹೆಗಲಿಗೆ ಹಾಕಿ, ಬಡಿಗೆ ಕೈಗಿಟ್ಟು ಹೋಗುತ್ತಾನೆ. ಮನೆಯ ಕೈ ಅಂದರೆ ನಾನೊಬ್ಬನೇ ಉಳಿದಿದ್ದೆ.

"ಮೂರ ದಿವಸ ಅಷ್ಟ ತಮ್ಮಾ. ಶುಕ್ರವಾರ ಮುಂಜಾನಿ ಬಂದು ಕಂಬಳಿ ಹೊತ್ಕೋ, ಸೋಮವಾರ ನಾ ಬಂದು ಇಸ್ಕೊಂತೇನಿ."

"ಬರ್ತೇನಣ್ಣಾ. ನೀ ಆರಾಮ ಹೋಗು" ಎಂದೆ.

ಆಗ ನಾನು ಗೋಕಾಕದ ಒಂದು ಬಟ್ಟೆ ಅಂಗಡಿಯಲ್ಲಿದ್ದೆ. ಕುರಿಗಾರರು ಧೋತರ ಕೊಳ್ಳಲು ಬಂದರೆ ನನ್ನ ಜೊತೆಯವರು ಮೂಗು ಮುಚ್ಚಿ, "ಕಂಬಳಿ ವಾಸನಿ ಬಂತಲೇ" ಎಂದು ಕಣ್ಣು ಹೊಡೆಯುತ್ತಿದ್ದರು. ನಾನೂ ನಗುತ್ತಿದ್ದೆ. ಮೂಡಲಗಿ ಕಡೆ ನಮ್ಮದು ನೀರಾವರಿ ಹೊಲ, ಅಣ್ಣ ಕಾಂಟ್ರಾಕ್ಟರ್ ಎಂದು ಅವರಿಗೆ ಹೇಳಿದ್ದೆ.

ಶುಕ್ರವಾರ ನಾನು ಹೋದೆ. ಹೋಗಲಿಲ್ಲ ಎಂದಲ್ಲ. ಮಸಗುಪ್ಪಿಯ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದೆ. ರಸ್ತೆಯಿಂದ ಎರಡು ಹೊಲ ಆಚೆ ಅಣ್ಣ ಕಂಡ. ಬಿಳಿ ಅಂಗಿ ಹಾಕಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಪಕ್ಕದಲ್ಲಿ ಬ್ಯಾಗು ಹಿಡಿದ ಮಾಸ್ತರರು. ನಾನು ಹೊಲದ ಕಡೆ ಹತ್ತು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಹಾರ್ನ್ ಕೇಳಿಸಿತು. ನಮ್ಮ ಅಂಗಡಿಯ ಟೆಂಪೋ. ಮೂಡಲಗಿಯಲ್ಲಿ ಮಾಲು ಇಳಿಸಿ ತಿರುಗಿ ಬರುತ್ತಿತ್ತು. ಒಳಗೆ ನನ್ನ ಜೊತೆಯವರು ಮೂವರು.

"ಏನಲೇ ಲಕ್ಕಪ್ಪಾ, ರಜಾ ತಗೊಂಡು ಇಲ್ಲೇನ್ ಮಾಡಾಕತ್ತಿ?"

"ಏನಿಲ್ಲ. ಗೋಕಾಕ ಬಸ್ಸಿಗೆ ನಿಂತೇನಿ."

"ಹತ್ತ ಮತ್ತ!"

ಅವರಲ್ಲೊಬ್ಬ ಹೊಲದ ಕಡೆ ಕೈ ಮಾಡಿ, "ಅಲ್ಲಿ ನೋಡಲೇ, ಕುರಿ ಕಾಯಾಂವ ಮದುಮಗ ಆಗ್ಯಾನ! ಹೆಣ್ಣ ಯಾವ ಕುರಿನೋ ಏನೋ!" ಎಂದ.

ನಾನು ನಕ್ಕೆ. ಟೆಂಪೋ ಹತ್ತಿದೆ. ಈ ಮಾತನ್ನು ಇಲ್ಲಿಯವರೆಗೆ ನಾನು ಯಾರ ಮುಂದೆಯೂ ಆಡಿಲ್ಲ.

ಭಾನುವಾರ ಗೋಕಾಕದ ಕರದಂಟು ಕಟ್ಟಿಸಿಕೊಂಡು ಮಸಗುಪ್ಪಿಗೆ ಹೋದೆ. ಮಾಸ್ತರರು ಒಬ್ಬರೇ ಮುಂಬೈಗೆ ಹೋಗಿದ್ದರು. ಬಿಳಿ ಅಂಗಿ ಒಗೆದು ಹಟ್ಟಿಯ ಸುತ್ತ ಕಟ್ಟುವ ಬಲೆಯ ಗೂಟಕ್ಕೆ ಹಾಕಿತ್ತು. ಅಣ್ಣ ಬಲೆ ಹೊಲಿಯುತ್ತಿದ್ದ.

"ಜ್ವರ ಬಂದಿತ್ತಣ್ಣಾ. ಏಳಾಕೂ ಆಗ್ಲಿಲ್ಲ" ಎಂದೆ.

ಅಣ್ಣ ಎದ್ದು ಬಂದು ಅಂಗೈ ಹಿಂದುಮುಂದು ಮಾಡಿ ನನ್ನ ಹಣೆ ಮುಟ್ಟಿ ನೋಡಿದ. ತಣ್ಣನೆಯ ಗಾಳಿಯಲ್ಲಿ ಯಾರದೋ ಬೈಕು ಕೇಳಿ ಹೊಡೆದುಕೊಂಡು ಬಂದಿದ್ದೆ, ಹಣೆ ಕಲ್ಲಿನಂತೆ ತಣ್ಣಗಿತ್ತು.

"ಹೌದಲ್ಲೋ, ಇನ್ನಾ ಸುಡಾಕತ್ತೈತಿ" ಎಂದ. "ಕುಂಡ್ರು, ಚಾ ಕಾಸ್ತೇನಿ."

ಎಂಥ ಪೆದ್ದ ನಮ್ಮ ಅಣ್ಣ, ಬಚಾವಾದೆ ಎಂದುಕೊಂಡೆ. ಅವನು ಕಾಸಿದ ಚಹಾ ಕುಡಿದೆ.

ಮುಂಬೈಯಿಂದ ಬಂದ ಮಾಸ್ತರರು ಆ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದರು. ಕೊನೆಯ ಹಾಡು ಮುಗಿದು ಜನ ಚಪ್ಪಾಳೆ ಹೊಡೆಯುವಾಗ, ಅಷ್ಟು ಗದ್ದಲದ ನಡುವೆ ಅವರದೇ ದನಿ ಕೇಳಿಸುತ್ತದೆ. "ಬೀರಪ್ಪಾ!" ಎಂದು ಕೂಗಿದ್ದಾರೆ. ಎರಡು ಸಲ. ಅಣ್ಣ ಅದನ್ನು ಕೇಳಿ ಮುಖ ತಿರುಗಿಸಿಕೊಂಡನಂತೆ. ಅಂದಿನಿಂದ ಇಂಗ್ಲೆಂಡಿನ ಚಪ್ಪಾಳೆ ಬಿಟ್ಟು ಇದನ್ನೇ ಹಾಕಿ ಕುರಿ ಕರೆಯತೊಡಗಿದ. ನನಗೆ ಒಂದು ದಿನವೂ ಒಂದು ಒರಟು ಮಾತು ಆಡಲಿಲ್ಲ. ಇನ್ನೊಮ್ಮೆ ಕಂಬಳಿ ಹೊತ್ತುಕೋ ಎಂದೂ ಕೇಳಲಿಲ್ಲ.

ಈ ಸಲದ ಬೇಸಿಗೆಯಲ್ಲಿ ಅಣ್ಣ ಹೋದ. ಮಧ್ಯಾಹ್ನ ಬೇವಿನ ಮರದ ಕೆಳಗೆ ಕುಳಿತವನು ಕುಳಿತಲ್ಲೇ ವಾಲಿದ್ದ. ಎದೆ ನಿಂತಿತ್ತು. ಸುತ್ತ ಕುರಿಗಳು ನೆರಳಿಗೆ ಮಲಗಿದ್ದವು, ಒಂದೂ ಎದ್ದು ಹೋಗಿರಲಿಲ್ಲ. ಕಂಬಳಿ ಅವನ ಬದಿಯಲ್ಲಿ ಮಡಚಿ ಇಟ್ಟಿತ್ತು. ನನ್ನ ಹೆಗಲಿಗೆ ಅದನ್ನು ಹಾಕುವವರು ಯಾರೂ ಇರಲಿಲ್ಲ. ನೆಲದಿಂದ ನಾನೇ ಎತ್ತಿಕೊಂಡೆ.

ದಿನಕರ್ಮ ಮುಗಿದ ಮೇಲೆ ಹುಕ್ಕೇರಿಗೆ ಮಾಸ್ತರರ ಮನೆಗೆ ಹೋದೆ. ಅವರು, "ಲಕ್ಕಪ್ಪಾ, ಒಂದು ಮಾತು. ಹೇಳಬ್ಯಾಡ್ರಿ ಅಂದಿದ್ದ. ಈಗ ಅಂದಾಂವ ಇಲ್ಲ" ಎಂದರು.

"ಏನ್ರಿ ಸರ್?"

"ಅವತ್ತ ನೀ ಸ್ಟಾಪಿನಾಗ ಇಳದಿದ್ದನ್ನ ಅಂವ ನೋಡಿದ್ದ. ನನಗ ಬರೇ ಒಂದು ನೀಲಿ ಅಂಗಿ ಕಾಣ್ತಿತ್ತು. 'ಬಂದಾ ನೋಡ್ರಿ ಸರ್, ಎಡಗಾಲ ಹೊರಗ ಹಾಕಿ ನಡೀತಾನ, ನಮ್ಮ ಲಕ್ಕ್ಯಾನ ಅಂವ' ಅಂದ. ಕಂಬಳಿ ಕೈಯಾಗ ಹಿಡ್ಕೊಂಡು ನಾಲ್ಕ ಹೆಜ್ಜಿ ಮುಂದ ಬಂದ. ಅಷ್ಟರಾಗ ಟೆಂಪೋ ಬಂತು."

"ಅಣ್ಣ ಏನಂದಾನ್ರಿ?" ಎಂದೆ.

"ಕಂಬಳಿ ಮಡಚಿದ. 'ಅದರಾಗ ಅವನ ದೋಸ್ತರು ಅದಾರ್ರಿ. ಅವರ ಮುಂದ ಇದನ್ನ ಹೊತ್ಕೊಳ್ಳಾಕ ಅವಗ ಆಗಂಗಿಲ್ಲ' ಅಂದ. ಆಮ್ಯಾಲ ಅಂದ, 'ನಾಳಿಗಿ ಏನಾರ ನೆವ ತಗೊಂಡ ಬರ್ತಾನ್ರಿ. ನಾ ಹೌದ ಅಂತೇನಿ, ನೀವೂ ಸುಮ್ಮನಿರ್ರಿ. ಒಬ್ಬಾಂವ ತಪ್ಪಿದಾಗ ಉಳದವರು ಅವನ ಜೋಡಿ ತಪ್ಪಬೇಕಲ್ರಿ ಸರ್.'"

ಅಂಗಡಿ ಬಿಟ್ಟೆ. ಈಗ ಕುರಿ ನನ್ನವು. ಮೊದಲು ನಾನು ಕೂಗಿ ನೋಡಿದೆ, ಸಿಳ್ಳೆ ಹಾಕಿ ನೋಡಿದೆ. ಅವು ತಲೆಯನ್ನೂ ಎತ್ತಲಿಲ್ಲ. ಬೇರೆ ದಾರಿ ಇಲ್ಲದೆ ಅಣ್ಣನ ಸ್ಪೀಕರ್ ತೆಗೆದು ಬದುವಿನ ಕಲ್ಲಿನ ಮೇಲೆ ಇಟ್ಟೆ. ಆ ಹಳೆಯ ಕ್ಯಾಸೆಟ್ಟಿನ ತಪ್ಪು ಈಗ ನನಗೂ ಕೇಳಿಸುತ್ತದೆ.

ದಿನಾ ಹೊತ್ತು ಇಳಿಯುವಾಗ ಮಸಗುಪ್ಪಿಯ ಹೊಲದಲ್ಲಿ ಚಪ್ಪಾಳೆ ಏಳುತ್ತದೆ. ಅದರ ನಡುವಿನಿಂದ ನಮ್ಮ ಅಣ್ಣನ ಹೆಸರು ಹಿಡಿದು ಎರಡು ಸಲ ಕೂಗು ಬರುತ್ತದೆ. ನಾನು ಕಂಬಳಿ ಹೊತ್ತು ರಸ್ತೆಗೆ ಎದುರಾಗಿ ನಿಲ್ಲುತ್ತೇನೆ. ಕುರಿಗಳು ಬರುತ್ತವೆ. ಬಂದು, ನನ್ನನ್ನು ದಾಟಿ, ಕಲ್ಲಿನ ಸುತ್ತ ನಿಂತು ಕಾಯುತ್ತವೆ.