ಒಂಬತ್ತು ದಿನದ ಲೀಡರು

ಗಡಿಯಾರ ರಿಪೇರಿಯವನಿಗೆ ವಯಸ್ಸು ಐವತ್ತೊಂಬತ್ತಾದರೂ ಕೈ ನಡುಗುತ್ತಿರಲಿಲ್ಲ. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಒಂದೇ ಸಲಕ್ಕೆ ಕೂರಿಸುತ್ತಿದ್ದ. ಬೀದಿಯಲ್ಲಿ ಅವನ ಬಗ್ಗೆ ಯಾರೂ ಒಂದು ಕೆಟ್ಟ ಮಾತಾಡುತ್ತಿರಲಿಲ್ಲ. ಆದರೆ ಹೊಟ್ಟೆಯೊಳಗೊಂದು ಕಿಚ್ಚಿತ್ತು, ಹನ್ನೆರಡನೇ ವಯಸ್ಸಿನಲ್ಲಿ ಹೊತ್ತಿಕೊಂಡದ್ದು. ಅದಕ್ಕೆ ಕಾರಣನಾದ ಮನುಷ್ಯ ಎದುರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಾ ಕೂತಿರುತ್ತಿದ್ದ.

ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಯಾರಿಗೆ ಬೇಕು ಅದು! ಬೀದಿಗೆಲ್ಲ ಅವನು ಲೀಡರು. ಏಳನೇ ಕ್ಲಾಸಿನಲ್ಲಿ ಸ್ಕೂಲ್ ಲೀಡರಾಗಿದ್ದವನು ತಲೆ ಬೋಳಾಗಿ ಮೊಮ್ಮಕ್ಕಳಾದ ಮೇಲೂ ಲೀಡರೇ. "ಲೀಡರಣ್ಣ, ಅರ್ಧ ಕೆಜಿ ಮೊಳೆ ಕೊಡಿ" ಎಂದು ಯಾರಾದರೂ ಕೂಗಿದರೆ ಸಾಕು, ಆ ಮೊಳೆ ರಿಪೇರಿಯವನ ಎದೆಗೇ ಇಳಿದ ಹಾಗಾಗುತ್ತಿತ್ತು.

ಇಬ್ಬರೂ ಒಟ್ಟಿಗೆ ಓದಿದ ಆ ಸ್ಕೂಲಿನಲ್ಲಿ ಲೀಡರೆಂದರೆ ಸಾಮಾನ್ಯವೇ? ಬೆಳಿಗ್ಗೆ ಗಂಟೆ ಹೊಡೆಯುವವನು ಅವನು. ಸಾಲು ನಿಲ್ಲಿಸಿ ಉಗುರು ನೋಡುವವನು ಅವನು. ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಮತ್ತೆ ಬಾಯಿ ಬಿಟ್ಟರೆ ಪಕ್ಕದಲ್ಲೊಂದು ಇಂಟು ಹಾಕುವವನೂ ಅವನೇ. ರಿಪೇರಿಯವನ ಹೆಸರಿನ ಮುಂದೆ ಬೋರ್ಡು ಮುಗಿಯುವವರೆಗೂ ಇಂಟು ಇರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಪ್ರತಿ ಸೋಮವಾರ ಹೆಡ್‌ಮಾಸ್ಟರ ಕೋಣೆಯಲ್ಲಿ ಸ್ಟೂಲು ಹತ್ತಿ ಗೋಡೆ ಗಡಿಯಾರಕ್ಕೆ ಕೀ ಕೊಡುವುದು. ವರ್ಷದ ಕೊನೆಯ ದಿನ ಲೀಡರಾದವನು ಆ ಗಡಿಯಾರದ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ತನ್ನ ಹೆಸರು, ವರ್ಷ ಬರೆದು ಬಾಗಿಲು ಮುಚ್ಚಬೇಕು. ಹಿಂದಿನಿಂದ ಬಂದ ಪದ್ಧತಿ ಅದು.

ಆ ವರ್ಷ ಲೀಡರಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿಕೊಂಡು ಮನೆಯಲ್ಲಿ ಮಲಗಿದ. ಹೆಡ್‌ಮಾಸ್ಟರು ಕ್ಲಾಸಿಗೆ ಬಂದು, ಯಾಕೆ ಅನ್ನಿಸಿತೋ ಏನೋ, ನಮ್ಮ ರಿಪೇರಿಯವನ ಕಡೆ ಬೆರಳು ತೋರಿಸಿ, "ಅವನು ಬರೋವರೆಗೂ ನೀನು ನೋಡ್ಕೊಳ್ಳೋ" ಎಂದುಬಿಟ್ಟರು. ಒಂಬತ್ತು ದಿನ! ಒಂಬತ್ತು ದಿನವೂ ಗಂಟೆ ಹೊಡೆದ, ಉಗುರು ನೋಡಿದ, ಎರಡು ಸೋಮವಾರ ಸ್ಟೂಲು ಹತ್ತಿ ಕೀ ಕೊಟ್ಟ. ಗಡಿಯಾರದ ಹೊಟ್ಟೆಯೊಳಗೆ ಹಲ್ಲಿಗೆ ಹಲ್ಲು ಕೂತು ಚಕ್ರ ತಿರುಗುವುದನ್ನು ನೋಡಿ ಅವತ್ತು ಹಿಡಿದ ಹುಚ್ಚೇ ಮುಂದೆ ಅವನ ಹೊಟ್ಟೆಪಾಡಾಯಿತು. ಆದರೆ ಲೀಡರ್ ಎಂದು ಬರೆದ ಬ್ಯಾಡ್ಜು? ಅದು ಲೀಡರನ ಅಂಗಿಯಲ್ಲೇ ಉಳಿದಿತ್ತು. ಕೇಳಲು ಹೋದರೆ ಅವನ ಅಮ್ಮ, "ಹುಷಾರಾದ್ಮೇಲೆ ಅವನೇ ಹಾಕ್ಕೋತಾನೆ, ನೀನು ಹೋಗಪ್ಪ" ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಹತ್ತನೇ ದಿನ ಲೀಡರು ಕೆನ್ನೆ ಇಳಿಸಿಕೊಂಡು ಬಂದು, ಗಂಟೆಯ ಸುತ್ತಿಗೆಯನ್ನು ಅವನ ಕೈಯಿಂದ ತೆಗೆದುಕೊಂಡ. ಒಂದು ಮಾತಿಲ್ಲ, ಕತೆಯಿಲ್ಲ.

ಬ್ಯಾಡ್ಜಿಲ್ಲದ ಲೀಡರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿಕೊಂಡ. ಅವಳು ಬಿದ್ದು ಬಿದ್ದು ನಕ್ಕಳು. ಅಲ್ಲಿಂದ ಮೂವತ್ತು ವರ್ಷ, "ಒಂಬತ್ತು ದಿನದ ಲೀಡರ್ರೇ, ಊಟಕ್ಕೆ ಬರ್ತೀರೋ, ಇಲ್ಲಾ ನಾನು ಗಂಟೆ ಹೊಡೀಬೇಕೋ?" ಎಂದು ಕರೆಯುತ್ತಲೇ ಬಂದಳು. "ನಿಜ ಕಣೇ" ಎಂದರೆ, "ಸಾಕ್ಷಿ ತೋರ್ಸಿ" ಎನ್ನುವಳು. ಎಲ್ಲಿಂದ ತರುವುದು ಸಾಕ್ಷಿ!

ಹೀಗಿರುವಾಗ ಸ್ಕೂಲಿಗೆ ನೂರು ವರ್ಷ ತುಂಬಿತು. ಈಗಿನ ಹೆಡ್‌ಮಿಸ್ಸು ಅದೇ ಗಡಿಯಾರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು ಅಂಗಡಿಗೆ ತಂದರು.

"ನಿಂತು ಹೋಗಿ ಎಷ್ಟೋ ವರ್ಷ ಆಯ್ತು. ಫಂಕ್ಷನ್‌ಗೆ ಓಡ್ಬೇಕು ನೋಡಿ. ಇನ್ನೊಂದು ಕೆಲ್ಸ, ಬಾಗಿಲ ಒಳಗೆ ಹಳೇ ಲೀಡರ್‌ಗಳ ಹೆಸರಿದೆ. ನಮ್ಮ ರಿಜಿಸ್ಟರೆಲ್ಲ ಗೆದ್ದಲು ತಿಂದಿದೆ. ನೀವೇ ಒಂದು ಪಟ್ಟಿ ಬರ್ಕೊಡಿ. ಇದರಲ್ಲಿ ಹೆಸರಿದ್ದವರನ್ನ ಸ್ಟೇಜಿಗೆ ಕರೀತೀವಿ, ಇಲ್ಲದವರನ್ನ ಇಲ್ಲ. ಆಮೇಲೆ ನಾನೂ ಲೀಡರ್ರು ನಾನೂ ಲೀಡರ್ರು ಅಂತ ಊರೆಲ್ಲ ಬಂದ್ರೆ ಕಷ್ಟ."

ಅವರು ಹೋದ ಮೇಲೆ ರಿಪೇರಿಯವನು ಬಾಗಿಲು ತೆರೆದ. ಮೇಲಿನಿಂದ ಕೆಳಗೆ ಹೆಸರುಗಳ ಸಾಲು. ತಮ್ಮ ವರ್ಷಕ್ಕೆ ಕಣ್ಣು ಹೋಯಿತು. ಅಲ್ಲಿತ್ತು, ಬೋರ್ಡಿನ ಮೇಲೆ ತನ್ನ ಹೆಸರು ಬರೆದು ಇಂಟು ಹಾಕುತ್ತಿದ್ದ ಅದೇ ಕೈಬರಹ, ಅದೇ ಬಾಲದ ಅಕ್ಷರ. ಕೆಲಸಕ್ಕೆ ಕೂತರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳದೆ ಏನನ್ನೂ ಮುಟ್ಟದ ಮನುಷ್ಯ ಅವತ್ತು ಅದನ್ನು ಹಾಕಿಕೊಳ್ಳಲೇ ಇಲ್ಲ. ಆ ಹೆಸರು ಓದಲು ಕನ್ನಡಿ ಬೇರೆ ಬೇಕೆ? ಇವನೊಬ್ಬನೇ ಆ ವರ್ಷ ದುಡಿದನೇ? ಇವನು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಾಗ ಗಂಟೆ ಹೊಡೆದವರು ಯಾರು? ಈಗ ಸ್ಟೇಜು ಬೇರೆ, ಹಾರ ಬೇರೆ! ಚಕ್ರ ತೊಳೆಯಲು ಪೆಟ್ರೋಲಿನಲ್ಲಿ ಅದ್ದಿಟ್ಟ ಬಟ್ಟೆ ಕೈಯಲ್ಲೇ ಇತ್ತು. ಬೆರಳಿಗೆ ಸುತ್ತಿ ಆ ಹೆಸರಿನ ಮೇಲೆ ಗಸಗಸ ಉಜ್ಜಿದ. ಮೇಲೆ ಕೆಳಗೆಲ್ಲ ಉಜ್ಜಿದ. ಮರ ಫಳಫಳ ಹೊಳೆಯಿತು. ಸುಳ್ಳು ಯಾಕೆ ಹೇಳಬೇಕು, ಆ ಹೊತ್ತಿಗೆ ಅವನಿಗೆ ಹಿತವಾಗಿಯೇ ಇತ್ತು.

ಮರುದಿನ ಮಧ್ಯಾಹ್ನ ಲೀಡರು ಎರಡು ಲೋಟ ಟೀ ಹಿಡಿದು ರಸ್ತೆ ದಾಟಿ ಬಂದ.

"ಏನೋ, ನಮ್ಮ ಗಡಿಯಾರ ಬಂದಿದ್ಯಂತೆ? ತೋರ್ಸೋ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ರಿಪೇರಿಯವನು ಕೇಳದೆಯೇ, "ಹೆಸರೆಲ್ಲ ಸ್ವಲ್ಪ ಅಳಿಸಿಹೋಗಿದೆ ಕಣೋ" ಎಂದ.

ಲೀಡರು ಬಾಗಿಲು ತೆರೆದು ಬೆರಳಿಟ್ಟು ಹುಡುಕಿದ. ಹೊಳೆಯುವ ಜಾಗದಲ್ಲಿ ಬೆರಳು ನಿಂತಿತು.

"ಅಯ್ಯೋ! ನಮ್ಮದೇ ಹೋಗಿದ್ಯಲ್ಲೋ. ನಂದು ಹೋದ್ರೆ ಹೋಗ್ಲಿ, ನನ್ನನ್ನ ಇಡೀ ಬೀದಿಯೇ ಲೀಡರು ಅನ್ನುತ್ತೆ. ನಿಂದು ಹೋಯ್ತಲ್ಲೋ."

"ನಂದಾ?"

"ಹೂಂ. ನನ್ನ ಹೆಸರಿನ ಕೆಳಗೆ ಸಣ್ಣದಾಗಿ ಬರೆದಿದ್ನಲ್ಲ, ನಿನ್ನ ಹೆಸರು, ಪಕ್ಕದಲ್ಲಿ ಒಂಬತ್ತು ದಿನ ಅಂತ. ಎರಡು ಸೋಮವಾರ ಕೀ ಕೊಟ್ಟಿದ್ದು ನೀನೇ ತಾನೇ? ನಿಂಗೆ ಗೊತ್ತಿರ್ಲಿಲ್ವಾ?"

ರಿಪೇರಿಯವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದ. ಪೆನ್ಸಿಲಿನ ಮೊನೆ ಒತ್ತಿದ ಗೀರುಗಳು ಮರದಲ್ಲಿ ಅಲ್ಲಲ್ಲಿ ಉಳಿದಿದ್ದವು. ತನ್ನ ಹೆಸರಿನ ಮೊದಲ ಅಕ್ಷರದ ಬಾಲ. ಒಂಬತ್ತು ಎಂಬುದರ ಸೊನ್ನೆ. ಅಷ್ಟೇ. ಮಾಡಿದ್ದುಣ್ಣೋ ಮಹರಾಯ!

"ನಾನೇ ಒರೆಸಿದ್ದು ಕಣೋ" ಎಂದ. "ನಿನ್ನ ಹೆಸರು ಇರಬಾರ್ದು ಅಂತ. ಹೊಟ್ಟೆಕಿಚ್ಚು."

ಲೀಡರು ತನ್ನ ಲೋಟಕ್ಕೆ ಕೈ ಹಾಕಿದ. ಟೀ ಕುಡಿದು ಮುಗಿಸಿದ. ಮೇಜಿನ ಮೇಲಿನ ಪೆನ್ಸಿಲು ತೆಗೆದುಕೊಂಡು ತನ್ನ ಹೆಸರನ್ನು ಇದ್ದ ಜಾಗದಲ್ಲೇ ಬರೆದ, ಬಾಲದ ಸಮೇತ. ರಿಪೇರಿಯವನು ಅದರ ಕೆಳಗಿನ ಜಾಗವನ್ನೇ ನೋಡುತ್ತಿದ್ದ. ಲೀಡರು ಪೆನ್ಸಿಲನ್ನು ಅವನ ಮುಂದಿಟ್ಟ.

"ನಿಂದು ನೀನೇ ಬರ್ಕೋ. ನಾನು ಒಂದ್ಸಲ ಬರೆದಾಗಿದೆ."

ಖಾಲಿ ಲೋಟ ಎತ್ತಿಕೊಂಡು ರಸ್ತೆ ದಾಟಿ ಹೋದ.

ರಿಪೇರಿಯವನು ಪೆನ್ಸಿಲು ಹಿಡಿದು ಆ ಖಾಲಿ ಜಾಗದ ಹತ್ತಿರ ತಂದ. ಬರೆದರೆ ಕೇಳುವವರಾರು? ಆದರೆ ತನ್ನ ಕೈಯಿಂದ ತಾನೇ ಬರೆದುಕೊಳ್ಳುವುದಕ್ಕೆ ಮೂವತ್ತು ವರ್ಷ ಸಾಕ್ಷಿ ಹುಡುಕಬೇಕಿತ್ತೆ? ಪೆನ್ಸಿಲನ್ನು ಡಬ್ಬಿಗೆ ಹಾಕಿ, ಚಕ್ರಗಳಿಗೆ ಎಣ್ಣೆ ಬಿಟ್ಟು, ಪಟ್ಟಿಯಲ್ಲಿ ತಮ್ಮ ವರ್ಷದ ಮುಂದೆ ಲೀಡರನ ಹೆಸರು ಮಾತ್ರ ಬರೆದ.

ಫಂಕ್ಷನ್ನಿನ ದಿನ ಗಡಿಯಾರ ಹತ್ತು ಗಂಟೆಗೆ ಸರಿಯಾಗಿ ಹತ್ತು ಹೊಡೆಯಿತು. ಒಬ್ಬೊಬ್ಬರನ್ನೇ ಕರೆದರು. ಲೀಡರು ಮೆಟ್ಟಿಲು ಹತ್ತಿ ಹೋಗಿ ಹಾರ ಹಾಕಿಸಿಕೊಂಡ. ಕೆಳಗೆ ಕುರ್ಚಿಯಲ್ಲಿ ಕೂತ ರಿಪೇರಿಯವನ ಹೊಟ್ಟೆ ಈಗಲೂ ಉರಿಯಿತು. ಆದರೆ ಈ ಸಲ ಬಯ್ಯುವುದಕ್ಕೆ ಎದುರು ಅಂಗಡಿಯವನಲ್ಲ, ತಾನೇ ಸಿಕ್ಕ.

ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಲ್ಲಿ ತಿವಿದಳು.

"ಏನ್ರೀ, ಒಂಬತ್ತು ದಿನದ ಲೀಡರ್ರೇ, ನಿಮ್ಮನ್ನ ಕರೀಲೇ ಇಲ್ವಲ್ಲ?"

"ಇಲ್ಲ ಕಣೇ" ಎಂದ ಅವನು, ಸ್ಟೇಜಿನ ಕಡೆಯೇ ನೋಡುತ್ತಾ. "ನಾನು ಲೀಡರ್ ಆಗಿರ್ಲಿಲ್ಲ. ಸುಮ್ನೆ ಹೇಳ್ತಿದ್ದೆ."

ಮೂವತ್ತು ವರ್ಷ ನಕ್ಕವಳು ಅವತ್ತು ನಗಲಿಲ್ಲ. ಗಂಡನ ಮುಖ ನೋಡಿದಳು. ಅವನು ಹೇಳಿಕೊಂಡು ಬಂದದ್ದು ನಿಜವೆಂದು ಅವಳಿಗೆ ಆಗ ಗೊತ್ತಾಯಿತು.