ನೀರು ಬಸಿದು ಬಳಸಿ

ಹತ್ತು ದಿನದ ಹಿಂದೆ ಹಾಸನದ ಕಿಡ್ನಿ ಡಾಕ್ಟರೊಬ್ಬರು ನಮ್ಮ ಅಕ್ಕನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದರು. ಅಕ್ಕನಿಗೆ ಸಿಟ್ಟು ಬಂತು. ನನಗೂ ಬಂತು. ಡಾಕ್ಟರಿಗೆ ನಮಗಿಂತ ಮೊದಲೇ ಬಂದಿತ್ತು.

ವಿಷಯ ಇಷ್ಟೇ. ಹೊಳೆನರಸೀಪುರದಲ್ಲಿರುವ ನಮ್ಮ ಭಾವನಿಗೆ ಶುಗರ್ರು, ಬಿಪಿ ಎರಡೂ ಹಳೆಯ ನೆಂಟರು. ಆ ನೆಂಟರಿಬ್ಬರೂ ಸೇರಿಕೊಂಡು ಎರಡು ವರ್ಷದ ಹಿಂದೆ ಕಿಡ್ನಿಗೆ ಕೈ ಹಾಕಿದರು. ಡಯಾಲಿಸಿಸ್‌ವರೆಗೆ ಹೋಗಿಲ್ಲ. ಹೋಗದ ಹಾಗೆ ನೋಡಿಕೊಳ್ಳಬೇಕು ಅಂತ ಡಾಕ್ಟರು ಮಾತ್ರೆ ಕೊಟ್ಟರು. ಮೂರು ತಿಂಗಳ ಹಿಂದೆ ಒಂದು ಪಥ್ಯದ ಚೀಟಿಯನ್ನೂ ಕೊಟ್ಟರು. ಎಳನೀರು ಬೇಡ, ಬಾಳೆಹಣ್ಣು ಬೇಡ, ಆಲೂಗಡ್ಡೆ ಕಡಿಮೆ. (ಹಾಸನ ಜಿಲ್ಲೆಯವರಿಗೆ ಆಲೂಗಡ್ಡೆ ಕಡಿಮೆ ಮಾಡಿ ಅನ್ನುವುದಕ್ಕೂ ಧೈರ್ಯ ಬೇಕು.)

ಅಕ್ಕ ಹಟಮಾರಿ. ಚೀಟಿಯನ್ನು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದಳು. ಚನ್ನರಾಯಪಟ್ಟಣದ ಬೀಗರು ಭಾವನನ್ನು ನೋಡಲು ಒಂದು ಗೊನೆ ಎಳನೀರು ಹೊತ್ತು ತಂದರೆ, ಅಷ್ಟನ್ನೂ ಕೊಚ್ಚಿ ಅವರಿಗೇ ಕುಡಿಸಿ ಕಳಿಸಿದಳು.

ಇಷ್ಟಾದರೂ, ರಕ್ತದಲ್ಲಿ ಐದರ ಒಳಗಿರಬೇಕಾದ ಪೊಟ್ಯಾಷಿಯಂ ಈ ಸಲ ಆರರ ಹತ್ತಿರ ಬಂದು ಕೂತಿತ್ತು. ಡಾಕ್ಟರು ಮೊದಲು ಇಸಿಜಿ ಮಾಡಿಸಿದರು. ಪುಣ್ಯಕ್ಕೆ ಅದು ಸರಿಯಿತ್ತು. ಆಮೇಲೆ ರಿಪೋರ್ಟಿನ ಮೇಲೆ ಪೆನ್ನು ಕುಟ್ಟಿದರು.

"ಕಿಡ್ನಿ ಎಷ್ಟು ಸೋತಿದೆ ಅಂತ ತೋರಿಸೋ ಕ್ರಿಯಾಟಿನಿನ್ ಇದ್ದ ಹಾಗೇ ಇದೆ. ಪೊಟ್ಯಾಷಿಯಂ ಮಾತ್ರ ಏರಿದೆ. ಏನು ತಿನ್ನಿಸ್ತಿದೀರಮ್ಮ ಇವರಿಗೆ?"

"ಚೀಟೀಲಿ ಬರ್ದಂಗೇ ಮಾಡಿವ್ನಿ ಸಾ. ಒಂದಿನಾನೂ ತಪ್ಸಿಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ."

ಭಾವನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಅವರದು ಗೊಬ್ಬರದ ಅಂಗಡಿ. "ಸಾ, ಈ ಪೊಟ್ಯಾಷಿಯಂ ಅನ್ನದೂ ನಮ್ಮಂಗ್ಡಿ ಪೊಟ್ಯಾಷೂ ಒಂದೇಯಾ?" ಅಂದರು. ಹೆಚ್ಚುಕಡಿಮೆ ಒಂದೇ ಅಂದರು ಡಾಕ್ಟರು. ಭಾವ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಮೂವತ್ತು ವರ್ಷ ಮೂಟೆ ಎತ್ತಿದ್ದಕ್ಕೆ ಮೈಯೊಳಗೆ ಇಳಿಯಿತೋ ಏನೋ ಅಂತ.

ಡಾಕ್ಟರು ಸ್ವಲ್ಪ ತಣ್ಣಗಾಗಿ ಬಿಡಿಸಿ ಹೇಳಿದರು. ಊಟದಲ್ಲಿ ಬರುವ ಪೊಟ್ಯಾಷಿಯಂ ಮೈಗೆ ಬೇಕೇ ಬೇಕು. ಮಿಕ್ಕಿದ್ದನ್ನು ಮೂತ್ರದಲ್ಲಿ ಹೊರಗೆ ಕಳಿಸುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತಾಗ ಮಿಕ್ಕಿದ್ದು ರಕ್ತದಲ್ಲೇ ಉಳಿಯುತ್ತದೆ. ಬಹಳ ಸಲ ನೋವಿಲ್ಲ, ಜ್ವರವಿಲ್ಲ, ಸುಳಿವೇ ಇಲ್ಲ. ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

"ಈಗ ಕೊಡ್ತಿರೋ ಬಿಪಿ ಮಾತ್ರೆ ಕಿಡ್ನಿ ಬೇಗ ಹಾಳಾಗದ ಹಾಗೆ ತಡೀತಿದೆ. ಆದ್ರೆ ಅದೂ ಪೊಟ್ಯಾಷಿಯಂ ಸ್ವಲ್ಪ ಏರಿಸುತ್ತೆ. ಇಳಿಸೋಕೆ ಒಂದು ಪುಡಿ ಕೊಡ್ತೀನಿ. ಒಂದು ವಾರದಲ್ಲಿ ಇಳೀಲಿಲ್ಲ ಅಂದ್ರೆ ಆ ಮಾತ್ರೆ ನಿಲ್ಲಿಸಬೇಕಾಗುತ್ತೆ."

ನಿಲ್ಲಿಸಿದರೆ? ಕಿಡ್ನಿಗೆ ಇದ್ದ ಕಾವಲು ಹೋಯಿತು. ಡಯಾಲಿಸಿಸ್ ಇನ್ನಷ್ಟು ಹತ್ತಿರ ಬಂತು.

ಮನೆಗೆ ಬಂದು ಊಟಕ್ಕೆ ಕೂತೆವು. ಮುದ್ದೆ, ದಂಟಿನ ಸೊಪ್ಪಿನ ಪಲ್ಯ, ಬಸ್ಸಾರು. ನಮ್ಮಕ್ಕನ ಬಸ್ಸಾರಿಗೆ ನಾನು ಆಸ್ತಿ ಬರೆದುಕೊಡಬಲ್ಲೆ. ಮೂರನೇ ಸಲ ಬಡಿಸಿಕೊಳ್ಳುತ್ತಾ, "ಪಥ್ಯದ ಮನೇಲಿ ಇಷ್ಟು ರುಚಿಯಾಗಿ ಹೇಗೆ ಮಾಡ್ತೀಯೇ?" ಅಂದೆ.

"ಮೊದ್ಲು ವಾರಕ್ಕೊಂದಿನ ಮಾಡ್ತಿದ್ದೆ. ಚೀಟಿ ಬಂದ್ಮೇಲೆ ದಿನಾ ಇದೇಯ. ಅದ್ರಲ್ಲೇ ಬರ್ದವ್ರಲ್ಲ, ಬಸ್ದು ಬಳ್ಸಿ ಅಂತ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಎದ್ದು ಫ್ರಿಡ್ಜಿನ ಹತ್ತಿರ ಹೋಗಿ ಓದಿದೆ. ‘ಸೊಪ್ಪು, ತರಕಾರಿಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು ಬಳಸಿ.’

ಏನನ್ನು ಬಳಸಿ? ಸೊಪ್ಪನ್ನಾ, ನೀರನ್ನಾ? ಬರೆದವರ ಮನಸ್ಸಿನಲ್ಲಿದ್ದದ್ದು ಸೊಪ್ಪು. ಆದರೆ ಗೊರೂರಿನಿಂದ ಅರಕಲಗೂಡಿನವರೆಗೆ ಯಾವ ಅಡುಗೆಮನೆಗಾದರೂ ಹೋಗಿ ನೋಡಿ, ಸೊಪ್ಪು ಬಸಿದ ನೀರನ್ನು ಚೆಲ್ಲುವ ಒಬ್ಬ ಹೆಂಗಸು ಸಿಕ್ಕರೆ ನನಗೆ ಹೇಳಿ. ಬಸಿಯುವುದೇ ಸಾರಿಗಾಗಿ. ಬಸಿದ ನೀರಿನ ಸಾರೇ ಬಸ್ಸಾರು, ಹೆಸರಿನಲ್ಲೇ ಅದು ಇದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ. ಆ ಚೀಟಿಯನ್ನು ಮೂರು ತಿಂಗಳ ಹಿಂದೆ ಅಕ್ಕನಿಗೆ ಓದಿ ಹೇಳಿದವಳು ನಾನೇ. ಊರಿನವರ ಬೋರ್ಡುಗಳಲ್ಲಿ ಕಾಗುಣಿತದ ತಪ್ಪು ಹುಡುಕಿ ವಾರವಾರ ಈ ಅಂಕಣದಲ್ಲಿ ನಿಮ್ಮೆದುರು ಮೆರೆಯುತ್ತೇನಲ್ಲ, ಅದೇ ನಾನು. "ಬಸಿಯೋದು ಗೊತ್ತಲ್ಲ?" ಅಂತ ಬೇರೆ ಕೇಳಿದ್ದೆ.

ಭಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಪೊಟ್ಯಾಷು ನೀರ್ಗಾಕುದ್ರೆ ಕರಗೋಯ್ತದೆ ಕಣಮ್ಮ. ದಿನಾ ರೈತ್ರಿಗೆ ನಾನೇ ಯೋಳ್ತೀನಿ. ಸೊಪ್ಪಲ್ಲಿರದೆಲ್ಲ ನೀರ್ಗೆ ಇಳ್ಸಿ, ಆ ನೀರ್ನೇ ಬಟ್ಟಲ್ಗಟ್ಲೆ ಕುಡ್ದಿವ್ನಲ್ಲ."

ಅಕ್ಕ ಸೌಟು ಕೆಳಗಿಟ್ಟಳು. "ನಾನೇ ಇಕ್ತಿದ್ನಲ್ಲೇ," ಅಂದಳು. ಅಷ್ಟೇ.

(ಕಿಡ್ನಿ ಚೆನ್ನಾಗಿರುವವರು ಗಾಬರಿಯಾಗಬೇಡಿ. ನಿಮ್ಮ ಬಸ್ಸಾರು ನೀವು ಉಣ್ಣಿ.)

ಒಂದು ವಾರ ಭಾವ ಪುಡಿ ಕುಡಿದರು, ಅಕ್ಕ ಸೊಪ್ಪು ಬೇಯಿಸಿದ ನೀರನ್ನು ಸಿಂಕಿಗೆ ಸುರಿದಳು. ಸುರಿಯುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳಂತೆ. ಮೊನ್ನೆ ಮತ್ತೆ ರಕ್ತಪರೀಕ್ಷೆ ಆಯಿತು. ಪೊಟ್ಯಾಷಿಯಂ ಐದರ ಕೆಳಗೆ. ಮಾತ್ರೆ ಉಳಿಯಿತು. ಸೋತಿರುವ ಕಿಡ್ನಿ ಪೂರ್ತಿ ಮೊದಲಿನ ಹಾಗಾಗದು, ಆದರೆ ಇರುವಷ್ಟನ್ನು ಬಹಳ ವರ್ಷ ಕಾಪಾಡಿಕೊಳ್ಳಬಹುದು ಅಂದರು ಡಾಕ್ಟರು. ನಾನು ನಂಬುತ್ತೇನೆ. ಅಕ್ಕನಂಥವಳು ಕಾವಲಿದ್ದರೆ ಯಾಕಾಗುವುದಿಲ್ಲ?

ಬಸ್ಸಾರಿನ ಕತೆ ಕೇಳಿ ಡಾಕ್ಟರು ಚೀಟಿಯನ್ನು ಕೈಗೆತ್ತಿಕೊಂಡರು. "ನಾನು ಈ ಕಡೆಯವನಲ್ಲಮ್ಮ. ಹಾಗಾದ್ರೆ ಏನಂತ ಬರೀಬೇಕು?"

"ಚೆಲ್ಲಿ ಅಂತ ಬರೀರಿ ಸಾ," ಅಂದಳು ಅಕ್ಕ.

ಅವರು ಅಲ್ಲೇ ತಿದ್ದಿದರು. ದೊಡ್ಡ ಮನಸ್ಸು, ಒಪ್ಪಿದೆ. ಆದರೆ ಇಷ್ಟು ವರ್ಷ ಚೀಟಿಯನ್ನು ಅಕ್ಷರಶಃ ಪಾಲಿಸಿ, ಪಥ್ಯ ಮುರಿದವರು ಅನ್ನಿಸಿಕೊಂಡು ಬೈಸಿಕೊಂಡವರು ಎಷ್ಟು ಜನರೋ?

ಬೈಯುವ ಮೊದಲು ‘ಇವತ್ತು ಏನು ಸಾರು ಮಾಡಿದ್ರಿ’ ಅಂತ ಒಂದು ಮಾತು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?