ನನ್ನ ಸೀನಿಯರ್ ಫೀಸಿನ ದಾವೆಯಲ್ಲಿ ನಾನು ಸಾಕ್ಷಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮೂಡಿಗೆರೆಯಲ್ಲಿ ವಕೀಲಿ ಶುರು ಮಾಡಿದಾಗ ಆ ಕೋರ್ಟಿನಲ್ಲಿ ಕಪ್ಪು ಕೋಟು ತೊಟ್ಟ ಹೆಂಗಸು ನಾನೊಬ್ಬಳೇ. ನನ್ನನ್ನು ಜೂನಿಯರ್ ಆಗಿ ಸೇರಿಸಿಕೊಂಡವರಿಗೆ ಆಗಲೇ ಅರವತ್ತರ ಹತ್ತಿರ. ಬಸ್ ಸ್ಟ್ಯಾಂಡಿನ ಹಿಂದೆ, ಕಾಫಿ ಪುಡಿ ಅಂಗಡಿಯ ಮಹಡಿಯಲ್ಲಿ ಅವರ ಆಫೀಸು. ಕೆಲಸ ಕಲಿಸುವುದರಲ್ಲಿ ಬಹಳ ಧಾರಾಳ. ಫೀಸು ಎಷ್ಟೆಂದು ಕಕ್ಷಿದಾರರು ಕೇಳಿದರೆ ಮಾತ್ರ, "ಆಮೇಲೆ ನೋಡೋಣ, ಮೊದ್ಲು ಕೇಸು ನಡೀಲಿ" ಎಂದುಬಿಡುತ್ತಿದ್ದರು.

ಸಂಸೆಯಿಂದ ಬರುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರಿಗೂ ಅದೇ ಮಾತು ಹೇಳಿದ್ದರು. ಟೀಚರಮ್ಮ ಎಂದೇ ನಾವು ಅವರನ್ನು ಕರೆಯುತ್ತಿದ್ದೆವು. ಅವರ ಎರಡೆಕರೆ ಕಾಫಿ ತೋಟಕ್ಕೆ ಹೋಗುವ ಜೀಪಿನ ದಾರಿಗೆ ಪಕ್ಕದ ಎಸ್ಟೇಟಿನವರು ಗೇಟು ಹಾಕಿ ಬೀಗ ಜಡಿದಿದ್ದರು. ಕುಯ್ಲಿನ ಹೊತ್ತಿನಲ್ಲಿ ಮೂಟೆಗಳನ್ನು ತಲೆಹೊರೆಯಲ್ಲೇ ರಸ್ತೆಗೆ ತರಬೇಕಿತ್ತು. ದಾವೆ ಐದು ವರ್ಷ ನಡೆಯಿತು. ಕೊನೆಗೆ ಟೀಚರಮ್ಮ ಗೆದ್ದರು, ಗೇಟು ಹೋಯಿತು.

ತೋಟವನ್ನು ಮಗಳ ಹೆಸರಿಗೆ ಮಾಡಿಸಬೇಕೆಂದು, ದಾವೆಗಾಗಿ ನಮ್ಮಲ್ಲಿ ಕೊಟ್ಟಿದ್ದ ಕ್ರಯಪತ್ರವನ್ನು ಅವರು ಕೇಳಲು ಬಂದ ದಿನ ಸೀನಿಯರ್ ಫೀಸಿನ ಮೊತ್ತ ಹೇಳಿದರು.

"ಬಂದಾಗೆಲ್ಲ ಕೊಟ್ಟಿದ್ದೇನಲ್ಲ ಸಾರ್?"

"ಅದು ಖರ್ಚಿಗೆ ಆಯ್ತಮ್ಮ. ಫೀಸು ಬೇರೆ."

"ಮೊದ್ಲೇ ಹೇಳ್ಬೇಕಿತ್ತಲ್ವಾ? ಐದು ವರ್ಷ ಆದ್ಮೇಲೆ ಹೇಳಿದ್ರೆ ಹೇಗೆ?"

"ಹಾಗಾದ್ರೆ ಕಾಗದಪತ್ರ ಇಲ್ಲೇ ಇರ್ಲಿ. ಚುಕ್ತಾ ಮಾಡಿ ತಗೊಂಡ್ಹೋಗಿ."

ಟೀಚರಮ್ಮ ನನ್ನ ಕಡೆ ನೋಡಿದರು. ನಾನು ಟೈಪ್‌ರೈಟರಿಗೆ ಹಾಳೆ ಏರಿಸುವವಳಂತೆ ತಲೆ ತಗ್ಗಿಸಿದೆ. ಅವರು ಮೆಟ್ಟಿಲಿಳಿದು ಹೋದ ಸದ್ದು ಪೂರ್ತಿ ಕೇಳಿಸಿತು.

ತಿಂಗಳೊಳಗೆ ಚಿಕ್ಕಮಗಳೂರಿನ ವಕೀಲರೊಬ್ಬರಿಂದ ನೋಟಿಸು ಬಂತು, ದಾಖಲೆ ಹಿಂದಿರುಗಿಸಿ ಎಂದು. ಸೀನಿಯರಿಗೆ ಅದು ಮಾನದ ಪ್ರಶ್ನೆಯಾಯಿತು. ತಾವು ಮೂವತ್ತು ವರ್ಷ ವಾದಿಸಿದ ಅದೇ ಕೋರ್ಟಿನಲ್ಲಿ, ಟೀಚರಮ್ಮನ ಮೇಲೆ ಫೀಸಿಗಾಗಿ ದಾವೆ ಹೂಡಿದರು. ಟೀಚರಮ್ಮ ತಮ್ಮ ಉತ್ತರದಲ್ಲಿ ದಾಖಲೆಗಳನ್ನು ಕೊಡಿಸಿ ಎಂದು ಕೇಳಿಕೊಂಡರು.

ನ್ಯಾಯಾಧೀಶರು ಹೊಸದಾಗಿ ಬಂದವರು, ವಯಸ್ಸಿನಲ್ಲಿ ಚಿಕ್ಕವರು, ಮೆಲುದನಿಯವರು. ಅವರು ಮೊದಲು ಕೇಳಿದ್ದು, "ಫೀಸಿನ ಬಗ್ಗೆ ಬರೆದುಕೊಂಡ ಕಾಗದ ಇದೆಯೇ?"

"ಇಲ್ಲ ಸ್ವಾಮಿ. ಈ ಕಡೆ ಅಂಥ ರೂಢಿ ಇಲ್ಲ," ಎಂದರು ಸೀನಿಯರ್.

"ಹಾಗಾದರೆ ಆಗಿರುವ ಕೆಲಸ ನೋಡಿ, ಎಷ್ಟು ನ್ಯಾಯ ಅಂತ ನಾನು ತೀರ್ಮಾನಿಸಬೇಕಾಗುತ್ತದೆ."

ದಾರಿಯ ದಾವೆಯ ಹಳೆಯ ಕಡತವನ್ನು ರೆಕಾರ್ಡ್ ರೂಮಿನಿಂದ ತರಿಸಿದರು. ಟೀಚರಮ್ಮ ತಮ್ಮದೊಂದು ನೋಟ್‌ಬುಕ್ ಹಾಜರುಪಡಿಸಿದರು. ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು, ಪ್ರತಿ ತಾರೀಖಿನ ಮುಂದೆ ಕೋರ್ಟಿಗೆ ಯಾರು ಬಂದರು, ತಾವು ಎಷ್ಟು ಕೊಟ್ಟರು ಎಂದು ದುಂಡಗೆ ಬರೆದಿದ್ದರು. ಹೆಚ್ಚಿನ ಕಡೆ ಸೀನಿಯರ್ ಹೆಸರಿನ ಮುಂದೆ 'ಬಂದಿಲ್ಲ' ಎಂದೂ, ನನ್ನ ಹೆಸರಿನ ಮುಂದೆ 'ಹಾಜರು' ಎಂದೂ ಇತ್ತು. ಹೀಗಾಗಿ ಅವರ ವಕೀಲರು ನನ್ನನ್ನೇ ಸಾಕ್ಷಿಗೆ ಕರೆಸಿದರು.

ಸಮನ್ಸು ಬಂದ ಮೇಲೆ ಒಂದು ವಾರ ಸೀನಿಯರ್ ಆ ವಿಷಯ ಎತ್ತಲಿಲ್ಲ. ಸಾಕ್ಷಿಯ ಹಿಂದಿನ ಸಂಜೆ ಬೀರುವಿಗೆ ಬೀಗ ಹಾಕುತ್ತಾ, "ನಾಳೆ ನನ್ನ ಮುಖ ನೋಡ್ಬೇಡ ಮಾರಾಯ್ತಿ. ಕಂಡಿದ್ದು ಹೇಳು, ಸಾಕು," ಎಂದರು. ಸುಳ್ಳು ಹೇಳು ಎಂದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಅಂದು ಗೋಣಿಬೀಡಿನ ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಏನು ಮಾತಾಡಿಸಿದರೋ ನೆನಪಿಲ್ಲ.

ಮರುದಿನ ಸಾಕ್ಷಿಕಟ್ಟೆ ಹತ್ತಿದೆ. ಟೀಚರಮ್ಮನ ವಕೀಲರು ಕೇಳಿದಂತೆ ಹೇಳಿದೆ: ಬಹುಪಾಲು ತಾರೀಖುಗಳಿಗೆ ನಾನೇ ಹೋಗಿ ಮುಂದಿನ ದಿನಕ್ಕೆ ವಾಯಿದೆ ತೆಗೆದುಕೊಂಡು ಬರುತ್ತಿದ್ದೆ. ಸೀನಿಯರ್ ಬಂದದ್ದು ವಾದಕ್ಕೆ, ಸಾಕ್ಷಿ ವಿಚಾರಣೆಗೆ ಮತ್ತು ಸ್ಥಳ ತನಿಖೆಗೆ. ಅಷ್ಟಕ್ಕೆ ಅವರ ಪ್ರಶ್ನೆ ಮುಗಿಯಿತು. ಪಾಟೀಸವಾಲಿಗೆ ಸೀನಿಯರೇ ಎದ್ದರು. "ಪ್ರಶ್ನೆ ಇಲ್ಲ ಸ್ವಾಮಿ," ಎಂದು ಕೂತರು.

ಆಗ ನ್ಯಾಯಾಧೀಶರು ನನ್ನನ್ನು ಕೇಳಿದರು, "ಈ ಕಡತದಲ್ಲಿ ಕಾಣದ ಕೆಲಸ ಏನಾದರೂ ನಡೆದಿದೆಯೇ?"

ನನಗೆ ಹಳೆಯ ಸರ್ವೆ ನಕ್ಷೆ ನೆನಪಾಯಿತು. ದಾರಿ ಎಲ್ಲಿತ್ತೆಂದು ತೋರಿಸುವ ನಕ್ಷೆ ಸಿಗುತ್ತಿಲ್ಲವೆಂದು ತಾಲ್ಲೂಕು ಆಫೀಸಿನವರು ಕೈಚೆಲ್ಲಿದ್ದಾಗ ಸೀನಿಯರ್ ಮೂರು ದಿನ ಅಲ್ಲಿಯ ಕೋಣೆಯಲ್ಲಿ ಧೂಳು ಹಿಡಿದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ್ದರು. ಮೂರನೆಯ ದಿನ ಕೆಮ್ಮುತ್ತಾ ನಕ್ಷೆ ಹಿಡಿದುಕೊಂಡು ಬಂದಿದ್ದರು. ಕೇಸು ನಿಂತದ್ದೇ ಅದರ ಮೇಲೆ. ಅದನ್ನೂ ಹೇಳಿದೆ. ಟೀಚರಮ್ಮ ತಲೆಯೆತ್ತಿ ಸೀನಿಯರ್ ಕಡೆ ನೋಡಿದರು. ಈ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ.

ತೀರ್ಪು ಬರಲು ಎರಡು ತಿಂಗಳಾಯಿತು. ಬರೀ ವಾಯಿದೆಗೆ ಹೋದ ದಿನಗಳನ್ನು ನ್ಯಾಯಾಧೀಶರು ಬಿಟ್ಟುಬಿಟ್ಟರು. ದಾವೆ ಬರೆದದ್ದು, ವಾದ, ಸಾಕ್ಷಿ ವಿಚಾರಣೆ, ಸ್ಥಳ ತನಿಖೆ, ನಕ್ಷೆ ಹುಡುಕಿದ್ದು, ಇವಕ್ಕೆ ಆ ಊರಿನ ವಕೀಲರು ಸಾಮಾನ್ಯವಾಗಿ ತೆಗೆದುಕೊಳ್ಳುವಷ್ಟು ಫೀಸು ನಿಗದಿ ಮಾಡಿದರು. ಟೀಚರಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ನಂಬಿ, ಕೊಟ್ಟದ್ದನ್ನು ಕಳೆದರು. ಉಳಿದದ್ದು ಸೀನಿಯರ್ ಕೇಳಿದ್ದರ ಕಾಲು ಭಾಗಕ್ಕಿಂತ ಕಡಿಮೆ. ಫೀಸು ಬಾಕಿ ಇದೆಯೆಂದು ಕಕ್ಷಿದಾರರ ದಾಖಲೆ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಕೂಡಲೇ ಕೊಡಬೇಕು ಎಂದೂ ಬರೆದರು.

ಸೀನಿಯರ್ ಮೇಲ್ಮನವಿಗೆ ಹೋಗಲಿಲ್ಲ. ಕ್ರಯಪತ್ರವನ್ನು ಮರುದಿನವೇ ಕೊಟ್ಟರು. ಟೀಚರಮ್ಮನೂ ಬಾಕಿ ತಂದಿದ್ದರು.

"ನಕ್ಷೆಯ ವಿಷಯ ಒಂದು ಮಾತು ಹೇಳಿದ್ರೆ ನಾನು ಹೀಗೆ ಜಗಳಕ್ಕೆ ಬರ್ತಿರ್ಲಿಲ್ಲ ಸಾರ್," ಎಂದರು.

"ನನಗೇ ಮರೆತು ಹೋಗಿತ್ತಮ್ಮ," ಎಂದರು ಸೀನಿಯರ್. ನಿಜವಾಗಿಯೂ ಮರೆತಿದ್ದರು.

ನನ್ನ ಮೇಲೆ ಅವರಿಗೆ ಮುನಿಸಿತ್ತೇ ಎಂದು ಜನ ಕೇಳುತ್ತಿದ್ದರು. ಕೆಲವು ವಾರ ಮಾತು ಕಡಿಮೆಯಿತ್ತು, ಅಷ್ಟೇ. ಮುಂದೆ ಹೊಸ ಕಕ್ಷಿದಾರರು ಬಂದರೆ ನನ್ನನ್ನು ಕರೆದು, "ಫೀಸು ಎಷ್ಟು ಅಂತ ಬರೆದು ಇಬ್ಬರದೂ ಸಹಿ ಹಾಕಿಸು," ಎನ್ನುತ್ತಿದ್ದರು. ಮೊತ್ತ ಹೇಳುವ ಕೆಲಸವನ್ನೂ ನನಗೇ ಬಿಡುತ್ತಿದ್ದರು. ನಾನು ಹೇಳುವಷ್ಟು ಹೊತ್ತು ಅವರು ಕಿಟಕಿಯಾಚೆ ಬಸ್ಸುಗಳನ್ನು ನೋಡುತ್ತಿದ್ದರು.